ಪರಿಹಾರದ ಚೆಕ್ ಜತೆಗೆ ಒಂದು ಗುಂಪೂ ಬೇಕು

ಸ್ಟ್ರಿಂಗರ್ ಆಗಿ ನಾನು ಮತ್ತೆ ಮತ್ತೆ ಬರೆದಿರುವ ಸುದ್ದಿ ‘ಸಾಲಬಾಧೆ: ರೈತ ಆತ್ಮಹತ್ಯೆ’. ಹೆಸರು, ವಯಸ್ಸು, ಎಷ್ಟು ಎಕರೆ, ಎಷ್ಟು ಸಾಲ. ಕೊನೆಯ ಸಾಲು ‘ಮೃತರಿಗೆ ಪತ್ನಿ, ಇಬ್ಬರು ಮಕ್ಕಳಿದ್ದಾರೆ’. ಆ ಪತ್ನಿ ಆಮೇಲೆ ಹೇಗಿದ್ದಾರೆ ಎಂದು ನಾನು ಒಮ್ಮೆಯೂ ಬರೆದಿಲ್ಲ.

ಕಳೆದ ವರ್ಷ ಸರ್ಕಾರಿ ಕಚೇರಿಯೊಂದರ ಹೊರಗೆ ಅಂಥ ಮೂವರು ಕೂತಿದ್ದರು. ಬೇರೆ ಬೇರೆ ಊರಿನವರು, ಪರಿಹಾರದ ಕಡತ ವಿಚಾರಿಸಲು ಬಂದವರು. ಸಾಹೇಬರು ಬಂದಿರಲಿಲ್ಲ. ‘ನಿಮಗೂ ರಾತ್ರಿ ನಿದ್ದಿ ಬರಂಗಿಲ್ಲೇನ್ರಿ ಅಕ್ಕಾರ?’ ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೊಬ್ಬಾಕಿಗೇ ಹಿಂಗ ಆಗೇತಿ ಅಂತ ತಿಳಕೊಂಡಿದ್ದೆ’ ಅಂದರು.

ಗುಂಪು ಚಿಕಿತ್ಸೆ ಶುರುವಾಗುವುದೇ ಈ ಮಾತಿನಿಂದ. ಒಂದೇ ಬಗೆಯ ನೋವಿನ ಎಂಟು-ಹತ್ತು ಮಂದಿ, ವಾರಕ್ಕೊಮ್ಮೆ, ತರಬೇತಿ ಪಡೆದ ಒಬ್ಬರ ಜತೆ ಕೂತು ಮಾತಾಡುವುದು. ಇದಕ್ಕೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಉಗಾಂಡದ 30 ಹಳ್ಳಿಗಳಲ್ಲಿ ನಡೆದ ಪ್ರಯೋಗದ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಅಲ್ಲಿ 16 ವಾರ ಗುಂಪು ನಡೆಸಿದವರು ಡಾಕ್ಟರರಲ್ಲ, ತರಬೇತಿ ಪಡೆದ ಸ್ಥಳೀಯರು. ಗುಂಪು ಇಲ್ಲದ ಹಳ್ಳಿಗಳಿಗಿಂತ ಅಲ್ಲಿ ಖಿನ್ನತೆ ಬಹಳ ಕಡಿಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಈ ವಿಧಾನದ ಕೈಪಿಡಿಯನ್ನೇ ಹೊರತಂದಿದೆ.

‘ನಮ್ಮಲ್ಲಿ ಸ್ವಸಹಾಯ ಸಂಘಗಳಿವೆಯಲ್ಲ’ ಎನ್ನಬಹುದು. ಸಂಘದಲ್ಲಿ ಮೊದಲು ಬರುವುದು ಕಂತು. ಕಂತು ತಪ್ಪಿದರೆ ಬಾಗಿಲು ಬಡಿಯುವವರ ಮುಂದೆ ಯಾರು ಅಳುತ್ತಾರೆ? ಊರಲ್ಲಿ ಗುಟ್ಟೂ ಉಳಿಯುವುದಿಲ್ಲ. ಆದ್ದರಿಂದ ಗುಂಪು ತಾಲ್ಲೂಕು ಮಟ್ಟದಲ್ಲಿರಲಿ, ಬೇರೆ ಬೇರೆ ಊರಿನವರಿರಲಿ. ಒಳಗಿನ ಮಾತು ಹೊರಗೆ ಹೋಗಬಾರದು ಎಂಬುದು ಮೊದಲ ನಿಯಮವಾಗಲಿ. ಗುಂಪು ಇದ್ದರೆ ಡಾಕ್ಟರು, ಮಾತ್ರೆ ಬೇಡ ಎಂದಲ್ಲ. ಸಾಯುವ ಯೋಚನೆ ಬರುತ್ತಿರುವವರು ಗುಂಪಿಗೆ ಕಾಯದೆ ವೈದ್ಯರನ್ನು ಕಾಣಬೇಕು, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು.

ರೈತ ಆತ್ಮಹತ್ಯೆಗೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ. ಅದು ಬೇಕೇ ಬೇಕು. ಅದರ ಜತೆಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ಕೋಣೆ, ತರಬೇತಿ ಪಡೆದ ಒಬ್ಬ ಕಾರ್ಯಕರ್ತೆ, ಬಂದು ಹೋಗುವ ಬಸ್ ಚಾರ್ಜು ಕೊಡುವುದು ದೊಡ್ಡ ಖರ್ಚಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹೇಗೂ ಇದೆ. ಅಲ್ಲಿಂದಲೇ ಶುರು ಮಾಡಬಹುದು.

ವರದಿಗಾರ ಗೆಳೆಯರಿಗೂ ಒಂದು ಮಾತು. ಆತ್ಮಹತ್ಯೆಯ ಸುದ್ದಿ ಬರೆದ ಆರು ತಿಂಗಳಿಗೆ ಆ ಮನೆಗೆ ಮತ್ತೊಮ್ಮೆ ಹೋಗೋಣ. ಚೆಕ್ ಬಂತಾ ಎಂದಷ್ಟೇ ಅಲ್ಲ, ನಿದ್ದೆ ಬರುತ್ತಾ ಎಂದೂ ಕೇಳೋಣ.