ಸ್ವದೇಶಿ ಹಡಗಿನ ಹಟ

ಅಮೆರಿಕದ ಮೊದಲ ಕಾಂಗ್ರೆಸ್ 1789ರಲ್ಲಿ ಸೇರಿದಾಗ ಮೊದಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಹಡಗಿನ ಸುಂಕವೂ ಒಂದು. ಆ ವರ್ಷದ ಜುಲೈನಲ್ಲಿ ಬಂದ ಕಾಯ್ದೆ ಹಡಗುಗಳನ್ನು ಮೂರು ಬಗೆಯಾಗಿ ವಿಂಗಡಿಸಿತು. ಅಮೆರಿಕದಲ್ಲೇ ಕಟ್ಟಿ ಅಮೆರಿಕದವರೇ ಇಟ್ಟುಕೊಂಡ ಹಡಗಿಗೆ ಟನ್ನಿಗೆ 6 ಸೆಂಟ್. ಅಲ್ಲಿ ಕಟ್ಟಿದ್ದಾದರೂ ಪರದೇಶಿಯ ಕೈಯಲ್ಲಿದ್ದರೆ 30 ಸೆಂಟ್. ಕಟ್ಟಿದ್ದೂ ಹೊರಗೆ, ಒಡೆಯನೂ ಹೊರಗಿನವನಾದರೆ 50 ಸೆಂಟ್. ಕರಾವಳಿಯುದ್ದಕ್ಕೂ ಬಂದರಿನಿಂದ ಬಂದರಿಗೆ ಓಡಾಡುವ ಸ್ವದೇಶಿ ಹಡಗು ಈ ಸುಂಕವನ್ನು ವರ್ಷಕ್ಕೊಮ್ಮೆ ಕೊಟ್ಟರೆ ಸಾಕಿತ್ತು. ಪರದೇಶಿ ಹಡಗು ಪ್ರತಿ ಸಲವೂ ತೆರಬೇಕಿತ್ತು. ಬೆನ್ನಿಗೇ ಬಂದ ನೋಂದಣಿ ಕಾಯ್ದೆ, ಅಮೆರಿಕದ ಬಾವುಟ ಹಾರಿಸುವ ಹೊಸ ಹಡಗು ಆ ನೆಲದಲ್ಲೇ ತಯಾರಾಗಿರಬೇಕು ಎಂದಿತು. 1817ರಲ್ಲಿ ಕರಾವಳಿ ವ್ಯಾಪಾರದ ಬಾಗಿಲು ಪರದೇಶಿ ಹಡಗುಗಳಿಗೆ ಪೂರ್ತಿ ಮುಚ್ಚಿತು. ಮುಂದಿನ ಎರಡು ಶತಮಾನಗಳ ನೀತಿಯ ತಿರುಳು ಹೆಚ್ಚುಕಡಿಮೆ ಇಷ್ಟೇ.

ಮೊದಲ ಅರ್ಧ ಶತಮಾನದಲ್ಲಿ ಈ ನೀತಿ ಗೆದ್ದಂತೆಯೇ ಕಂಡಿತು. 1826ರ ಸುಮಾರಿಗೆ ದೇಶದ ವಿದೇಶ ವ್ಯಾಪಾರದಲ್ಲಿ ಶೇ 90ಕ್ಕೂ ಹೆಚ್ಚು ಪಾಲು ಅಮೆರಿಕದ ಹಡಗುಗಳಲ್ಲೇ ಸಾಗುತ್ತಿತ್ತು. ಆದರೆ ಅದಕ್ಕೆ ದೊಡ್ಡ ಕಾರಣ ಸುಂಕವಲ್ಲ, ಮರ. ಓಕ್, ಪೈನ್ ಮರಗಳು ನ್ಯೂ ಇಂಗ್ಲೆಂಡಿನ ಬಂದರುಗಳಿಗೆ ಸಮೀಪದಲ್ಲೇ ಧಾರಾಳವಾಗಿ ಸಿಗುತ್ತಿದ್ದವು. ಅಷ್ಟು ಅಗ್ಗವಾಗಿ ಹಡಗು ಕಟ್ಟುವುದು ಬ್ರಿಟನ್ನಿಗೆ ಸಾಧ್ಯವಿರಲಿಲ್ಲ. ಕಾಡಿನ ಪುಣ್ಯವನ್ನು ಕಾನೂನು ತನ್ನ ಲೆಕ್ಕಕ್ಕೆ ಬರೆದುಕೊಂಡಿತು.

ಬ್ರಿಟನ್ 1849ರಲ್ಲಿ ತನ್ನ ಹಳೆಯ ನೌಕಾಯಾನ ಕಾಯ್ದೆಗಳನ್ನು ರದ್ದುಮಾಡಿ, ತನ್ನ ವರ್ತಕರು ಎಲ್ಲಿ ಬೇಕಾದರೂ ಹಡಗು ಕೊಳ್ಳಬಹುದು ಎಂದಿತು. ಅವರು ಅಮೆರಿಕದ ವೇಗದ ಕ್ಲಿಪ್ಪರ್ ಹಡಗುಗಳನ್ನೇ ಕೊಂಡರು. ಅಷ್ಟರಲ್ಲಿ ಕಬ್ಬಿಣ ಮತ್ತು ಉಗಿಯ ಕಾಲ ಬಂತು. ಈಗ ಅಗ್ಗದ ಹಡಗು ಸಿಗುತ್ತಿದ್ದದ್ದು ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಡದಲ್ಲಿ. ಅದನ್ನು ಕೊಂಡು ಸ್ವಂತ ಬಾವುಟ ಏರಿಸಲು ಅಮೆರಿಕದ ವರ್ತಕನಿಗೆ ಅನುಮತಿಯಿರಲಿಲ್ಲ. ಅಂತರ್ಯುದ್ಧ ಉಳಿದ ಹಾನಿಯನ್ನೂ ಮಾಡಿತು. ದಕ್ಷಿಣದ ರಾಜ್ಯಗಳ ಪರವಾಗಿ ಹೊರಟ ‘ಅಲಬಾಮಾ’ದಂಥ ದಾಳಿ ಹಡಗುಗಳ ಭಯಕ್ಕೆ ವಿಮೆಯ ದರ ಏರಿತು, ಉತ್ತರದ ಮಾಲೀಕರು ಸುಮಾರು 8 ಲಕ್ಷ ಟನ್ನಿನ ಹಡಗುಗಳನ್ನು ಬ್ರಿಟನ್ನಿನ ಬಾವುಟದಡಿಗೆ ಸಾಗಿಸಿದರು. ಯುದ್ಧ ಮುಗಿದ ಮೇಲೆ ಅವನ್ನು ಮರಳಿ ಕರೆದುಕೊಳ್ಳುವುದು ಜಾಣತನವಾಗುತ್ತಿತ್ತು. 1866ರಲ್ಲಿ ಕಾಂಗ್ರೆಸ್ ಮಾಡಿದ್ದು ಅದರ ತದ್ವಿರುದ್ಧ: ಬಾವುಟ ಬದಲಿಸಿದ ಹಡಗಿಗೆ ಮರುನೋಂದಣಿಯೇ ಇಲ್ಲ ಎಂದು ಕಾಯ್ದೆ ಮಾಡಿತು. ಸಿಟ್ಟಿನಲ್ಲಿ ಮೂಗು ಕೊಯ್ದುಕೊಂಡಂಥ ಕೆಲಸ ಅದು. ‘ಅಲಬಾಮಾ’ದಂಥ ಹಡಗುಗಳು ತಯಾರಾಗಿದ್ದು ಬ್ರಿಟನ್ನಿನಲ್ಲೇ ಆದ್ದರಿಂದ, ಅವು ಮಾಡಿದ ಹಾನಿಗೆ ಅದು ಜಿನೀವಾ ತೀರ್ಪಿನಂತೆ 1.55 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಹೋದ ವ್ಯಾಪಾರ ಮಾತ್ರ ಹಿಂದಿರುಗಲಿಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದ ವಿದೇಶ ವ್ಯಾಪಾರದ ಹತ್ತರಲ್ಲಿ ಒಂದು ಪಾಲೂ ಅದರ ಹಡಗುಗಳಲ್ಲಿ ಸಾಗುತ್ತಿರಲಿಲ್ಲ.

ಇದೇ ಕಾಲದ ಕಾನೂನು ಹಡಗಿನ ಒಡೆಯನನ್ನು ಒಂದು ರೀತಿ, ಖಲಾಸಿಯನ್ನು ಇನ್ನೊಂದು ರೀತಿ ನೋಡಿತು. 1851ರ ಕಾಯ್ದೆಯ ಪ್ರಕಾರ, ಒಡೆಯನ ಅರಿವಿಗೆ ಬಾರದೆ ನಡೆದ ಅಪಘಾತದಲ್ಲಿ ಅವನ ಹೊಣೆ, ಅಪಘಾತದ ನಂತರ ಹಡಗಿಗೆ ಉಳಿದ ಬೆಲೆ ಮತ್ತು ಆ ಯಾನದ ಬಾಡಿಗೆಯನ್ನು ಮೀರುವಂತಿಲ್ಲ. ‘ಟೈಟಾನಿಕ್’ ಮುಳುಗಿದಾಗ ಅದರ ಬ್ರಿಟಿಷ್ ಮಾಲೀಕರೂ ಇದೇ ಕಾಯ್ದೆಯ ಮೊರೆಹೊಕ್ಕರು. 1914ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದಕ್ಕೆ ಅವಕಾಶ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಬಾಲ್ಟಿಮೋರಿನ ಸೇತುವೆಗೆ ಡಿಕ್ಕಿ ಹೊಡೆದು ಆರು ಕಾರ್ಮಿಕರ ಸಾವಿಗೆ ಕಾರಣವಾದ ‘ಡಾಲಿ’ ಹಡಗಿನ ಮಾಲೀಕರು ತಮ್ಮ ಹೊಣೆಯನ್ನು ಸುಮಾರು 4.4 ಕೋಟಿ ಡಾಲರಿಗೆ ಇಳಿಸಬೇಕೆಂದು ಕೋರಿದ್ದೂ ಈ 1851ರ ಕಾಯ್ದೆಯಡಿಯೇ.

ಖಲಾಸಿಯ ಪಾಡು ಬೇರೆ. ಕೆಲಸ ಬಿಟ್ಟು ಇಳಿದು ಹೋದರೆ ಅವನಿಗೆ ಸೆರೆಮನೆ. ‘ಅರಾಗೊ’ ಎಂಬ ಹಡಗನ್ನು ಆರೆಗನ್ನಿನ ಅಸ್ಟೋರಿಯಾ ಬಂದರಿನಲ್ಲಿ ತೊರೆದ ನಾಲ್ವರು, ಇದು ಜೀತವಲ್ಲವೇ ಎಂದು ಕೇಳಿದರು. ಜೀತವನ್ನು ನಿಷೇಧಿಸಿದ ಹದಿಮೂರನೆಯ ತಿದ್ದುಪಡಿ ನಾವಿಕರ ಕರಾರಿಗೆ ಅನ್ವಯಿಸದು ಎಂದು 1897ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ನ್ಯಾಯಮೂರ್ತಿ ಹಾರ್ಲನ್ ಒಬ್ಬರೇ ಭಿನ್ನಮತ ಬರೆದರು. ನಾರ್ವೆಯಿಂದ ಬಂದು ನಾವಿಕರ ಸಂಘದ ನಾಯಕನಾದ ಆಂಡ್ರ್ಯೂ ಫುರುಸೆತ್ ಎರಡು ದಶಕ ಹೋರಾಡಿದ ಮೇಲೆ, ಸೆನೆಟರ್ ಲಾ ಫೊಲೆಟ್ ಅವರ ನೆರವಿನಿಂದ, ಆ ಸೆರೆವಾಸವನ್ನು ರದ್ದುಮಾಡಿದ 1915ರ ನಾವಿಕರ ಕಾಯ್ದೆ ಬಂತು. ಈ ಇಡೀ ಚರಿತ್ರೆಯಲ್ಲಿ ನಿಸ್ಸಂಕೋಚವಾಗಿ ಮೆಚ್ಚಬಹುದಾದ ಕಾಯ್ದೆ ಅದು.

ಎರಡು ಮಹಾಯುದ್ಧಗಳು ಬಂದಾಗ ಖಜಾನೆಯೇ ಹಡಗು ಕಟ್ಟಲು ನಿಂತಿತು. ಎರಡನೆಯದರಲ್ಲಿ ‘ಲಿಬರ್ಟಿ’ ಮಾದರಿಯ 2,710 ಸರಕು ಹಡಗುಗಳು ನೀರಿಗಿಳಿದವು. ಇವೆರಡರ ನಡುವೆ, 1920ರಲ್ಲಿ, ವಾಷಿಂಗ್ಟನ್ ರಾಜ್ಯದ ಸೆನೆಟರ್ ವೆಸ್ಲಿ ಜೋನ್ಸ್ ಮಂಡಿಸಿದ ವಾಣಿಜ್ಯ ನೌಕಾ ಕಾಯ್ದೆ ಬಂತು. ಅಮೆರಿಕದ ಎರಡು ಬಂದರುಗಳ ನಡುವೆ ಸರಕು ಹೊರುವ ಹಡಗು ಅಲ್ಲೇ ಕಟ್ಟಿದ್ದಾಗಿರಬೇಕು, ಅಲ್ಲಿನವರದ್ದೇ ಆಗಿರಬೇಕು, ಅಲ್ಲಿನ ನಾವಿಕರನ್ನೇ ಹೊಂದಿರಬೇಕು ಎಂಬುದು ಅದರ 27ನೆಯ ಸೆಕ್ಷನ್. ಅಲಾಸ್ಕಾದ ಸರಕು ಕೆನಡಾದ ವ್ಯಾಂಕೂವರ್ ದಾರಿ ಹಿಡಿಯದಂತಾದದ್ದರಿಂದ ಲಾಭ ಪಡೆದದ್ದು ಜೋನ್ಸರ ಸ್ವಂತ ರಾಜ್ಯದ ಸಿಯಾಟಲ್. ಅಲಾಸ್ಕಾ ಕೋರ್ಟಿಗೆ ಹೋಗಿ 1922ರಲ್ಲಿ ಸೋತಿತು: ಒಂದು ರಾಜ್ಯದ ಬಂದರಿಗೆ ಇನ್ನೊಂದರ ಮೇಲೆ ಪ್ರಾಶಸ್ತ್ಯ ಸಲ್ಲದೆನ್ನುವ ಸಂವಿಧಾನದ ರಕ್ಷಣೆ, ಇನ್ನೂ ರಾಜ್ಯವಾಗದ ಪ್ರಾಂತ್ಯಕ್ಕೆ ಸಿಗದು ಎಂಬುದು ತೀರ್ಪು. ಅದೇ ಕಾಯ್ದೆಯ ಇನ್ನೊಂದು ಸೆಕ್ಷನ್, ಗಾಯಗೊಂಡ ನಾವಿಕನಿಗೆ ಮಾಲೀಕನ ಮೇಲೆ ದಾವೆ ಹೂಡುವ ಹಕ್ಕು ಕೊಟ್ಟಿತು ಎಂಬುದನ್ನೂ ಹೇಳಬೇಕು.

ಸಾಗರದಾಚೆಯ ವ್ಯಾಪಾರಕ್ಕೆ 1936ರ ಕಾಯ್ದೆ ನೇರ ಸಹಾಯಧನದ ದಾರಿ ತೆರೆಯಿತು: ಸ್ವದೇಶದಲ್ಲಿ ಕಟ್ಟಲು, ನಡೆಸಲು ತಗಲುವ ಹೆಚ್ಚುವರಿ ಖರ್ಚನ್ನು ಸರ್ಕಾರ ಭರಿಸುವುದು. 1954ರ ಕಾಯ್ದೆ, ಸರ್ಕಾರ ಕೊಡುವ ಸರಕಿನ ಕನಿಷ್ಠ ಅರ್ಧ ಭಾಗ ಅಮೆರಿಕದ ಹಡಗುಗಳಲ್ಲೇ ಹೋಗಬೇಕೆಂದಿತು. ಭಾರತಕ್ಕೆ ಬಂದ ಪಿಎಲ್-480 ನೆರವಿನ ಗೋಧಿಗೂ ಈ ನಿಯಮ ಅನ್ವಯಿಸಿತ್ತು. ಅಷ್ಟೆಲ್ಲ ಮಾಡಿದರೂ ಮಾಲೀಕರು ಪನಾಮಾ, ಲೈಬೀರಿಯಾಗಳ ಅಗ್ಗದ ಬಾವುಟಗಳತ್ತ ಸರಿದರು. ಕಟ್ಟುವ ಸಹಾಯಧನ 1981ರ ನಂತರ ನಿಂತಿತು. 1996ರಿಂದ, ಯುದ್ಧ ಬಂದರೆ ಸೇನೆಗೆ ಒದಗುವ ಕರಾರಿನ ಮೇಲೆ ಹತ್ತಾರು ಹಡಗುಗಳಿಗಷ್ಟೇ ವಾರ್ಷಿಕ ಹಣ.

ಕರಾವಳಿಯ ಬಾಗಿಲು ಮಾತ್ರ ಇನ್ನೂ ಮುಚ್ಚಿಯೇ ಇದೆ. ಅಮೆರಿಕದಲ್ಲಿ ಕಟ್ಟುವ ಹಡಗಿಗೆ ಏಷ್ಯಾದ ಬೆಲೆಯ ಮೂರು ನಾಲ್ಕು ಪಟ್ಟು ತೆರಬೇಕು. ಆದ್ದರಿಂದ ಕಟ್ಟುವವರು ಕಡಿಮೆ, ಇರುವ ಹಡಗುಗಳು ಹಳೆಯವು. ಹವಾಯಿ, ಪೋರ್ಟೊ ರಿಕೊಗಳ ಅಂಗಡಿ ಬೆಲೆಯಲ್ಲಿ ಆ ಭಾರ ಸೇರಿಕೊಳ್ಳುತ್ತದೆ. 2018ರ ಜನವರಿಯ ಚಳಿಯಲ್ಲಿ ಬಾಸ್ಟನ್ ಸಮೀಪದ ಟರ್ಮಿನಲ್ಲಿಗೆ ಬಂದ ದ್ರವ ಅನಿಲದಲ್ಲಿ ರಷ್ಯಾದ ಅನಿಲವೂ ಇತ್ತು. ಸ್ವಂತ ದೇಶದ ಅನಿಲವನ್ನು ದಕ್ಷಿಣದಿಂದ ತರಬಲ್ಲ, 1920ರ ಕಾಯ್ದೆ ಒಪ್ಪುವ ಹಡಗು ಆಗ ಒಂದೂ ಇರಲಿಲ್ಲ. ದೇಶರಕ್ಷಣೆಗೆ ಹಡಗು ಕಾರ್ಖಾನೆ, ನಾವಿಕರು ಬೇಕೆಂಬ ವಾದ ಪೊಳ್ಳಲ್ಲ. ಆದರೆ ಕಾರ್ಖಾನೆಯನ್ನು ಉಳಿಸುವ ಹೊರೆಯನ್ನು ಹಡಗಿನ ಮೇಲೇ ಹೊರಿಸಿದ್ದರಿಂದ ಎರಡೂ ಸೊರಗಿದವು. ಜೋನ್ಸರ ಆ ಕಾಯ್ದೆಯನ್ನು ರದ್ದುಮಾಡಲು ಸೆನೆಟರ್ ಜಾನ್ ಮೆಕೇನ್ 2010ರಿಂದ ಹಲವು ಬಾರಿ ಯತ್ನಿಸಿದರು, ಒಮ್ಮೆಯೂ ಫಲಿಸಲಿಲ್ಲ.