ಕೂತು ಉಣ್ಣುವವರು, ನಿಂತು ಬಡಿಸುವವರು

ಮನುಷ್ಯನೊಬ್ಬನ ಗುಣ ತಿಳಿಯಬೇಕಾದರೆ ಅವನು ಗುಡಿಯಲ್ಲಿ ಹೇಗೆ ಕೈ ಮುಗಿಯುತ್ತಾನೆ, ಮಸೀದಿಯಲ್ಲಿ ಎಷ್ಟು ಹೊತ್ತು ಸಜ್ದಾ ಮಾಡುತ್ತಾನೆ ಎಂದು ನೋಡಬೇಕಾಗಿಲ್ಲ. ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗನನ್ನು ಅವನು ಹೇಗೆ ಕರೆಯುತ್ತಾನೆ ಎಂದು ಕೇಳಿಸಿಕೊಂಡರೆ ಸಾಕು.

ಮುಳಬಾಗಿಲಿನ ದೋಸೆ ಹೋಟೆಲೊಂದರ ಮೂಲೆಯಲ್ಲಿ ಒಂದು ಶನಿವಾರ ಸಂಜೆ ಆರರಿಂದ ಒಂಬತ್ತರವರೆಗೆ ಕೂತು ನೋಡಿದೆವು. ತಿರುಪತಿಗೆ ಹೊರಟವರು, ಕುರುಡುಮಲೆ ಗಣಪತಿಯ ದರ್ಶನ ಮುಗಿಸಿ ಬಂದವರು, ಹೈದರ್ ವಲಿ ದರ್ಗಾಕ್ಕೆ ಹೂವಿನ ಚಾದರ ಹಾಕಿ ಬಂದವರು, ಎಲ್ಲರೂ ಒಂದೇ ಕಾವಲಿಯ ದಪ್ಪ ದೋಸೆಗೆ ಕಾದಿದ್ದರು. ಗಿರಾಕಿ ಕನ್ನಡದಲ್ಲಿ ಹೇಳಿದ್ದನ್ನು ಮಾಣಿ ತೆಲುಗಿನಲ್ಲಿ ಒಳಗೆ ಕೂಗುತ್ತಿದ್ದ, ಲೋಟ ತೊಳೆಯುವವರು ತಮ್ಮೊಳಗೆ ಬಂಗಾಳಿ ಆಡುತ್ತಿದ್ದರು, ಗಲ್ಲಾದ ಪಕ್ಕದ ಮೇಜಿನಲ್ಲಿ ನಮ್ಮ ದಖ್ಖನಿ ಉರ್ದು. ಇಷ್ಟು ಭಾಷೆಗಳು ಜಗಳವಿಲ್ಲದೆ ಕೂಡಿ ಬಾಳುವ ಜಾಗ ಕೋಲಾರ ಜಿಲ್ಲೆಯಲ್ಲಿ ಹೋಟೆಲಲ್ಲದೆ ಇನ್ನೊಂದಿರಲಾರದು. ಇದನ್ನು ನೋಡಿ ಸಂತೋಷಪಟ್ಟು ಎದ್ದು ಬರಬಹುದಿತ್ತು. ಸೌಹಾರ್ದದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತಾರೆ.

ಆದರೆ ಆ ಮೂರು ಗಂಟೆಗಳಲ್ಲಿ ಕೆಲಸದವರಲ್ಲಿ ಒಬ್ಬನೂ ಕೂರಲಿಲ್ಲ. ಕೂರಲು ಜಾಗವಿರಲಿಲ್ಲವೆಂದಲ್ಲ. ಎಂಟು ಗಂಟೆಯ ಹೊತ್ತಿಗೆ ಎರಡು ಮೇಜು ಖಾಲಿಯೇ ಇದ್ದವು. ವಯಸ್ಸಾದ ಮಾಣಿಯೊಬ್ಬ ಗೋಡೆಗೆ ಬೆನ್ನು ಕೊಟ್ಟು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ. ಮೂರು ಗಂಟೆಯಲ್ಲಿ ಗಿರಾಕಿಗಳು ಅವನನ್ನು "ಏಯ್", "ಲೋ", "ಅಪ್ಪಾ", "ಬಾಸ್" ಎಂದೆಲ್ಲ ಕರೆದರು. ಹೆಸರು ಕೇಳಿದವರು ಯಾರೂ ಇಲ್ಲ. ಚಟ್ನಿಗೆ ಉಪ್ಪು ಕಡಿಮೆಯೆಂದು ಬೈಸಿಕೊಂಡವನೂ ಅವನೇ. ಚಟ್ನಿ ಅರೆದವನು ಅವನಲ್ಲ.

ಈ ನಾಡಿನಲ್ಲಿ ಯಾರು ಕೂರಬಹುದು, ಯಾರು ನಿಲ್ಲಬೇಕು ಎಂಬುದು ಎಂದೂ ಬರೀ ಕುರ್ಚಿಯ ಪ್ರಶ್ನೆಯಾಗಿರಲಿಲ್ಲ. ದಲಿತನಿಗೆ ಬೇರೆ ಲೋಟ, ಹೊರಗಿನ ಕಲ್ಲುಚಪ್ಪಡಿ, ತಾನೇ ತೊಳೆದಿಡುವ ಶಿಕ್ಷೆ, ಇವೆಲ್ಲ ನಮ್ಮ ಹೋಟೆಲುಗಳ ಚರಿತ್ರೆಯೇ. ಅದಕ್ಕೇ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ ಬಾಗಿಲು ತೆರೆಸಿತು. 17ನೇ ವಿಧಿ ಅಸ್ಪೃಶ್ಯತೆಯನ್ನು ತೊಡೆಯಿತು. ಕಾಗದದ ಮೇಲೆ ತೊಡೆದದ್ದು ಊರಿನಲ್ಲಿ ಅಳಿದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಕೋಲು ಮುಟ್ಟಿದನೆಂದು ದಲಿತ ಬಾಲಕನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದ್ದನ್ನು ದೇಶವೇ ಓದಿತು. ಆದರೂ ಹೋಟೆಲಿನ ಬೆಂಚಿನ ಮೇಲೆ ಗಿರಾಕಿಗೊಂದು ಹಕ್ಕು ಹುಟ್ಟಿತು. ಬಡಿಸುವವನಿಗೆ ಆ ಬೆಂಚು ಇನ್ನೂ ದೂರವೇ ಉಳಿದಿದೆ.

ಕಾನೂನು ಪೂರ್ತಿ ಕುರುಡಾಗಿರಲಿಲ್ಲ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾ, ಟೀ ಅಂಗಡಿಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆ ನಿಷೇಧವಾಯಿತು. ಕೋಳಿಕ್ಕೋಡಿನ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತು ದುಡಿದ ಹೆಂಗಸರು ವರ್ಷಗಟ್ಟಲೆ ಹೋರಾಡಿದ್ದರಿಂದ ಕೇರಳ ಸರ್ಕಾರ 2018ರಲ್ಲಿ ಕಾನೂನು ತಿದ್ದಿ ಅಂಗಡಿಯ ನೌಕರರಿಗೆ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡು ಅದೇ ದಾರಿ ಹಿಡಿಯಿತು. ತಮಿಳುನಾಡಿನ ಗಡಿ ಮಾಲೂರಿಗೆ ಕೂಗಳತೆಯ ದೂರ. ಅಲ್ಲಿಂದ ಹೂವು, ತರಕಾರಿ, ಸಿನಿಮಾ ಎಲ್ಲ ಬರುತ್ತವೆ. ಒಂದು ಸ್ಟೂಲು ಮಾತ್ರ ಗಡಿ ದಾಟಲು ಏಕೆ ಇಷ್ಟು ಕಷ್ಟಪಡಬೇಕು?

ಮಾಲೀಕರ ಉತ್ತರ ನಮಗೆ ಗೊತ್ತು. ಗ್ಯಾಸ್ ದುಬಾರಿ, ಬಾಡಿಗೆ ದುಬಾರಿ, 2023ರ ಜುಲೈನಲ್ಲಿ ಟೊಮೇಟೊ ಕಿಲೋಗೆ ನೂರು ದಾಟಿತ್ತು. ಎಲ್ಲವೂ ನಿಜ. ಆದರೆ ಕುರ್ಚಿ ಆಗಲೇ ಹೋಟೆಲಿನಲ್ಲಿದೆ, ಅದಕ್ಕೆ ಹೊಸ ಖರ್ಚಿಲ್ಲ. ಇನ್ನೊಂದು ಉತ್ತರ ಹೆಚ್ಚು ಪ್ರಾಮಾಣಿಕವಾದುದು: "ಕೆಲಸದವನು ಕೂತಿದ್ದರೆ ಗಿರಾಕಿಗೆ ಸರಿಬರೋದಿಲ್ಲ ಸಾರ್." ಅಂದರೆ ಆ ಮುದುಕನನ್ನು ನಿಲ್ಲಿಸಿರುವುದು ಮಾಲೀಕನೊಬ್ಬನೇ ಅಲ್ಲ. ಎಪ್ಪತ್ತು ರೂಪಾಯಿಯ ದೋಸೆಯ ಜೊತೆಗೆ ಸ್ವಲ್ಪ ದೊಡ್ಡಸ್ತಿಕೆಯನ್ನೂ ಕೊಂಡುಕೊಳ್ಳಲು ಬರುವ ಗಿರಾಕಿಯ ಪಾಲೂ ಇದೆ.

ಮುಸ್ಲಿಮರಿಗೆ ಇಲ್ಲಿ ಬೇರೆಯಾಗಿ ಒಂದು ಮಾತು ಹೇಳಬೇಕಿದೆ. ಸೇವಕ ಅಡುಗೆ ತಂದಾಗ ಅವನನ್ನು ಜೊತೆಯಲ್ಲಿ ಕೂರಿಸಿಕೊಳ್ಳಿ, ಆಗದಿದ್ದರೆ ಒಂದೆರಡು ತುತ್ತಾದರೂ ಕೊಡಿ, ಏಕೆಂದರೆ ಒಲೆಯ ಬಿಸಿ ತಿಂದವನು ಅವನು ಎಂಬ ಅರ್ಥದ ಹದೀಸನ್ನು ಜುಮಾ ಬಯಾನಿನಲ್ಲಿ ಕೇಳಿದವರೇ ನಮ್ಮಲ್ಲಿ ಬಿರಿಯಾನಿ ಹೋಟೆಲು ನಡೆಸುತ್ತಾರೆ. ದಸ್ತರ್‌ಖಾನಿನ ಸಮಾನತೆಯ ಬಗ್ಗೆ ನಾವು ಗಂಟೆಗಟ್ಟಲೆ ಭಾಷಣ ಮಾಡಬಲ್ಲೆವು. ಆದರೆ ದೇಗ್ ಇಳಿಸುವ ಬಿಹಾರಿ ಹುಡುಗ ಅಡುಗೆಮನೆಯ ಹೊಗೆಯಲ್ಲಿ ನಿಂತೇ ಉಣ್ಣುತ್ತಾನೆ. ಮಾಂಸ ಹಲಾಲ್ ಹೌದೋ ಅಲ್ಲವೋ ಎಂದು ವಿಚಾರಿಸುವ ಕಾಳಜಿಯಲ್ಲಿ ಕಾಲುಭಾಗ, ಅದನ್ನು ಬೇಯಿಸಿದವನ ಕೂಲಿ ಹಲಾಲ್ ಹೌದೋ ಎಂದು ಕೇಳುವುದರಲ್ಲಿ ಇರಬೇಡವೇ?

ಹೆಸರು ಕೇಳುವ ಇನ್ನೊಂದು ಬಗೆಯೂ ಈ ದೇಶದಲ್ಲಿದೆ. 2024ರ ಜುಲೈನಲ್ಲಿ ಉತ್ತರ ಪ್ರದೇಶದ ಕಾಂವಡ್ ಯಾತ್ರೆಯ ದಾರಿಯ ಹೋಟೆಲುಗಳಿಗೆ ಮಾಲೀಕರ, ಕೆಲಸದವರ ಹೆಸರನ್ನು ಫಲಕದಲ್ಲಿ ಬರೆಯುವಂತೆ ಪೊಲೀಸರು ಹೇಳಿದರು. ಯಾವ ಬಗೆಯ ಊಟವೆಂದು ಬರೆಯಲಿ, ಹೆಸರಿಗೆ ಬಲವಂತ ಬೇಡ ಎಂದು ಸುಪ್ರೀಂ ಕೋರ್ಟು ಜುಲೈ 22ರಂದು ತಡೆ ಕೊಟ್ಟಿತು. ಅಲ್ಲಿ ಹೆಸರು ಕೇಳಿದ್ದು ದೂರ ತಳ್ಳಲು. ಅದಕ್ಕೆ ನಾವು ಕೊಡಬಹುದಾದ ಉತ್ತರವೆಂದರೆ ಹೆಸರನ್ನು ಹತ್ತಿರ ಕರೆಯಲು ಕೇಳುವುದು.

ಟೊಮೇಟೊ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. ಟೊಮೇಟೊ ಎಂಬ ಹೆಸರೇ ಮೆಕ್ಸಿಕೋದ ಮೂಲನಿವಾಸಿಗಳ ನಾವಾತ್ಲ್ ಭಾಷೆಯದು. ಇಂದು ಅದು ಕೋಲಾರದ ಎಪಿಎಂಸಿಯ ಕ್ರೇಟುಗಳಲ್ಲಿ ನಮ್ಮ ಮಣ್ಣಿನ ಮಗನಂತೆ ಕೂತಿದೆ. ದೋಸೆಯ ಕೆಂಪು ಚಟ್ನಿಯ ಮೆಣಸಿನಕಾಯಿಗೆ ಯಾವ ಊರು, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ. ಪರದೇಶದ ಕಾಯಿಗೆ ಇಷ್ಟು ಸಲೀಸಾಗಿ ಎಲೆಯ ಮೇಲೆ ಜಾಗ ಕೊಟ್ಟ ಜನ, ಅದನ್ನು ಬಡಿಸುವ ಕೈಗೆ ಕೂರಲು ಒಂದಡಿ ಜಾಗ ಕೊಡಲು ಹಿಂದೆ ಮುಂದೆ ನೋಡುವುದು ಯಾವ ಸಂಸ್ಕೃತಿ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹೋಟೆಲು ಮಾಲೀಕರು ಗೋಡೆಯ ಮೇಲೆ "ಸಾಲ ಕೇಳಬೇಡಿ" ಎಂದು ಬರೆಸುತ್ತಾರೆ. ಅದರ ಕೆಳಗೆ ಇನ್ನೊಂದು ಸಾಲು ಬರೆಸಲಿ: "ಗಿರಾಕಿ ಇಲ್ಲದಾಗ ನಮ್ಮವರು ಕೂರುತ್ತಾರೆ." ಆ ಸಾಲು ಓದಿ ಮುಖ ಸಿಂಡರಿಸುವ ಗಿರಾಕಿ ಬೇರೆ ಹೋಟೆಲಿಗೆ ಹೋಗಲಿ. ಅಲ್ಲೂ ಅದೇ ಸಾಲು ಇರುವಂತೆ ಮಾಡುವುದು ಓದುಗರಾದ ನಿಮ್ಮ, ನಮ್ಮ ಕೆಲಸ.