ಉಸಿರು ಕಟ್ಟದ ವಿದ್ಯೆ

ಭೀಮನ ಮೂದಲೆಯನ್ನು ಸೈರಿಸಲಾರದೆ ವೈಶಂಪಾಯನ ಸರೋವರದಿಂದ ಥಟ್ಟನೆ ಮೇಲೆದ್ದ ದುರ್ಯೋಧನನಿಗಾದರೋ ಜಲಸ್ತಂಭ ವಿದ್ಯೆಯ ಬಲವಿದ್ದಿತು. ಚಿಗಟೇರಿಯಂಥ ಬಯಲುಸೀಮೆಯ ಊರಿನ ಹುಡುಗರಿಗೆ ತೋಟದ ಬಾವಿಯೇ ಗುರುಕುಲ. ಬೆನ್ನಿಗೆ ಸೋರೆಬುರುಡೆ ಕಟ್ಟಿ ಈಜು ಕಲಿತವರಲ್ಲಿ, ಮುಳುಗಿ ಹೆಚ್ಚು ಹೊತ್ತು ಉಸಿರು ಬಿಗಿಹಿಡಿದವನೇ ಶೂರ.

ಅಂಥ ಶೂರನೊಬ್ಬನು ಚಳಿಗಾಲದ ಒಂದು ಶನಿವಾರ ಮುರುಡೇಶ್ವರಕ್ಕೆ ಹೋಗಿ ಸ್ಕೂಬಾ ಕಲಿಯಲು ನಿಂತನೆನ್ನಿ. ಮೊದಲ ಪಾಠವೇ ಅವನ ಶೌರ್ಯವನ್ನು ಮುರಿಯುತ್ತದೆ: “ಉಸಿರು ಕಟ್ಟಲೇಬೇಡಿ!”

ಬಾವಿಯಲ್ಲಿ ಅವನು ಒಯ್ಯುತ್ತಿದ್ದುದು ದಡದ ಗಾಳಿ. ಆಳದಲ್ಲಿ ಕುಗ್ಗಿದರೂ ಮೇಲೆ ಬಂದಾಗ ಅದು ಮೊದಲಿನಷ್ಟೇ. ಇಲ್ಲಿಯ ಕಥೆ ಬೇರೆ. ೧೯೪೩ರಲ್ಲಿ ಫ್ರಾನ್ಸಿನ ಕೂಸ್ತೊ ಮತ್ತು ಗಾನ್ಯಾನ್ ರೂಪಿಸಿದ ಉಪಾಯದಂತೆ, ಬೆನ್ನಿನ ಸಿಲಿಂಡರು ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಗಾಳಿಯನ್ನು ಕೊಡುತ್ತದೆ. ೧೦ ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿ. ಅಲ್ಲಿ ತುಂಬಿಕೊಂಡ ಉಸಿರನ್ನು ಬಿಗಿಹಿಡಿದು ಮೇಲೆದ್ದರೆ ಅದು ಎರಡರಷ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು.

ಭಾನುವಾರ, ೧೯ ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ತಿಳಿಗಡಲಿನಲ್ಲಿ ಅವನು ಗುಳ್ಳೆ ಬಿಡುತ್ತ, ಆ ಗುಳ್ಳೆಗಳಿಗಿಂತ ಮೆಲ್ಲಗೆ ಮೇಲೇರಬೇಕು. ದೋಣಿಯಲ್ಲಿರುವ ಗೆಳೆಯರು, “ಇಷ್ಟೇಕಪ್ಪ ತಡ?” ಎಂದು ಮೂದಲಿಸಿದರೂ ಸರಿಯೆ. ಮೂದಲೆಗೆ ಆತುರಪಟ್ಟು ಮೇಲೆದ್ದ ಕೌರವನ ಪಾಡು ಏನಾಯಿತೆಂಬುದು ಎಲ್ಲರಿಗೂ ಗೊತ್ತೇ ಇದೆ.